ನೋಕಿಯಾ 3100ರೊಳಗಿನ ಎರಡು ಮಳೆಗಾಲ

ಜೂನ್ 2, 2024, ಭಾನುವಾರ
ಶಿವಮೊಗ್ಗ

ದೊಡ್ಡಪ್ಪನ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹೆಚ್ಚುಕಡಿಮೆ ಮುಗಿಯಿತು. 1989ರಿಂದ ಶುರುವಾಗುವ ಲೆಕ್ಕ ಅದು. ದಿನಾ ಬೆಳಿಗ್ಗೆ ಎಂಟೂವರೆಗೆ ಮನೆಯ ಮೇಲಿನ ಬಯಲಿನಲ್ಲಿ ನೆಟ್ಟ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆದಿಟ್ಟದ್ದು. ಹವಾಮಾನ ಇಲಾಖೆ ಅಳೆಯುವುದೂ ಎಂಟೂವರೆಗೇ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಯವರೆಗೆ ಬಿದ್ದದ್ದು ಇವತ್ತಿನ ತಾರೀಖಿನ ಮಳೆ. ಪುಸ್ತಕಗಳಲ್ಲಿ ಈ ನಿಯಮ ಒಂದು ದಿನವೂ ತಪ್ಪಿಲ್ಲ. ಅವರು ಊರಲ್ಲಿ ಇಲ್ಲದ ದಿನ ದೊಡ್ಡಮ್ಮನ ಅಕ್ಷರ ಕಾಣುತ್ತದೆ.

ಖಾಲಿ ಇರುವುದು ಎರಡೇ ಮಳೆಗಾಲ: 2009 ಮತ್ತು 2010. ಆ ಎರಡು ವರ್ಷ ಅವರು ಪುಸ್ತಕ ಬಿಟ್ಟು ಮೊಬೈಲಿನ ಕ್ಯಾಲೆಂಡರಿಗೆ ಹಾಕುತ್ತಿದ್ದರು. ಒದ್ದೆ ಕೈಯಲ್ಲಿ ಪುಸ್ತಕ ಮುಟ್ಟಬೇಕಿಲ್ಲ, ಜೇಬಿನಲ್ಲೇ ಇರುತ್ತದೆ ಎಂಬ ಕಾರಣಕ್ಕೆ. ಆಮೇಲೆ ಫೋನಿನ ಗುಂಡಿಗಳು ಒಂದೊಂದಾಗಿ ಸತ್ತವು, ಪುಸ್ತಕಕ್ಕೆ ಮರಳಿದರು. ಫೋನ್ ಕಪಾಟಿನಲ್ಲಿ ಉಳಿಯಿತು.

ವಿಶ್ವ ಹವಾಮಾನ ಸಂಸ್ಥೆ ಸರಾಸರಿಗೆ ಮೂವತ್ತು ವರ್ಷದ ಅವಧಿ ಹಿಡಿಯುತ್ತದೆ; ಈಗ ಬಳಕೆಯಲ್ಲಿರುವುದು 1991ರಿಂದ 2020. ದೊಡ್ಡಪ್ಪನ ಹತ್ತಿರ ಅದರಲ್ಲಿ ಇಪ್ಪತ್ತೆಂಟು ವರ್ಷ ಭದ್ರವಾಗಿದೆ. ಇಲ್ಲದ ಎರಡರಲ್ಲಿ ಒಂದು 2009, ದೇಶದ ಮುಂಗಾರು ಐದನೇ ಒಂದು ಭಾಗಕ್ಕಿಂತ ಹೆಚ್ಚು ಕೊರತೆಯಾದ ವರ್ಷ. ಬೇರೆ ಯಾವ ವರ್ಷ ಇಲ್ಲದಿದ್ದರೂ ನಡೆದೀತು, ಅದು ಇಲ್ಲದಿದ್ದರೆ ನಡೆಯುವುದಿಲ್ಲ. ಈಗ ಗ್ರಾಮ ಪಂಚಾಯಿತಿಗೊಂದು ಸ್ವಯಂಚಾಲಿತ ಮಾಪಕ ಬಂದಿದೆ, ಆದರೆ ಅವು ಹಿಂದಿನ ಮಳೆಯನ್ನು ಹೇಳಲಾರವು.

ಫೋನನ್ನು ಇವತ್ತು ದೊಡ್ಡಪ್ಪನ ಮನೆಯಿಂದ ಜೊತೆಗೆ ತಂದಿದ್ದೇನೆ. ನೋಕಿಯಾ 3100. 2003ರಲ್ಲಿ ಬಂದ ಮಾದರಿ. ಕತ್ತಲಲ್ಲಿ ಮಿನುಗುವ ಹೊದಿಕೆ ಇದ್ದದ್ದು ಇದಕ್ಕೇ.

ಜೂನ್ 4, ಮಂಗಳವಾರ

ಊರಿಗೆ ಊರೇ ಟಿವಿ ಮುಂದೆ. ಚುನಾವಣಾ ಫಲಿತಾಂಶದ ದಿನ ಅಂಗಡಿಗಳಲ್ಲಿ ಗಿರಾಕಿ ಕಡಿಮೆ, ನನಗೆ ಅದು ಅನುಕೂಲವೇ ಆಯಿತು. ಗಾಂಧಿ ಬಜಾರಿನ ಹತ್ತಿರದ ಒಂದು ಮೊಬೈಲ್ ರಿಪೇರಿ ಅಂಗಡಿಯವರು ಟಿವಿ ಕಡೆ ಒಂದು ಕಣ್ಣಿಟ್ಟುಕೊಂಡೇ ಮೇಲಿನ ಅಟ್ಟದಿಂದ ಹಳೆಯ ಕೇಬಲ್ಲುಗಳ ರಟ್ಟಿನ ಪೆಟ್ಟಿಗೆ ಇಳಿಸಿ ಕೊಟ್ಟರು. "ಹುಡುಕ್ಕೊಳ್ಳಿ ಮೇಡಂ, ಆಗ ಫ್ಲ್ಯಾಶ್ ಮಾಡೋಕೆ ಇಟ್ಕೊಂಡಿದ್ದು. ಈಗ ಯಾರೂ ಕೇಳಲ್ಲ" ಅಂದರು.

ಬ್ಯಾಟರಿಗೆ ಕಷ್ಟವೇ ಆಗಲಿಲ್ಲ. ಬಿಎಲ್-5ಸಿ ಇನ್ನೂ ಎಲ್ಲ ಕಡೆ ಸಿಗುತ್ತದೆ, ಯಾಕೆಂದರೆ ತೋಟದಲ್ಲಿ, ಗದ್ದೆಯಲ್ಲಿ ನೇತುಹಾಕುವ ಸಣ್ಣ ಎಫ್‌ಎಂ ಡಬ್ಬಗಳಿಗೆಲ್ಲ ಅದನ್ನೇ ಹಾಕುತ್ತಾರೆ. ಹಳೆಯದು ಉಬ್ಬಿ ಹಿಂಬದಿಯ ಮುಚ್ಚಳವನ್ನೇ ಎತ್ತಿಬಿಟ್ಟಿತ್ತು. ಅದನ್ನು ಅಂಗಡಿಯವರಿಗೇ ಒಪ್ಪಿಸಿ ಬಂದೆ. ಉಬ್ಬಿದ ಬ್ಯಾಟರಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಕೇಬಲ್ಲಿನ ವಿಷಯ ಬೇರೆ. ಇವತ್ತಿನ ಫೋನಿಗೆ ದತ್ತಾಂಶ ಸಾಗಿಸುವ ಯಾವ ಯುಎಸ್‌ಬಿ ತಂತಿ ಚುಚ್ಚಿದರೂ ಕಂಪ್ಯೂಟರ್ ಗುರುತು ಹಿಡಿಯುತ್ತದೆ. 3100ಕ್ಕೆ ಯುಎಸ್‌ಬಿ ಎಂದರೇನೆಂದೇ ಗೊತ್ತಿಲ್ಲ. ಅದರ ಬುಡದಲ್ಲಿರುವ ಅಗಲವಾದ ಚಪ್ಪಟೆ ಬಾಯಿಗೆ ಪಾಪ್-ಪೋರ್ಟ್ ಎಂದು ಹೆಸರು. ಇಯರ್‌ಫೋನ್ ಸಿಕ್ಕಿಸುವುದೂ ಅಲ್ಲೇ, ದತ್ತಾಂಶ ಹೋಗಿಬರುವುದೂ ಅಲ್ಲೇ, ಹಳೆಯ ಸೀರಿಯಲ್ ಪದ್ಧತಿಯಲ್ಲಿ. ಹಾಗಾಗಿ ಕೇಬಲ್ಲಿನ ಯುಎಸ್‌ಬಿ ತುದಿಯ ದಪ್ಪ ಪ್ಲಾಸ್ಟಿಕ್ ಗಂಟಿನೊಳಗೆ ಒಂದು ಚಿಪ್ ಇರಲೇಬೇಕು. ಸೀರಿಯಲ್ಲನ್ನು ಯುಎಸ್‌ಬಿಗೆ ಬದಲಿಸುವುದು ಅದರ ಕೆಲಸ. ನೋಕಿಯಾದ ಡಿಕೆಯು-5, ಆಮೇಲೆ ಬಂದ ಸಿಎ-42 ಈ ಜಾತಿಯವು. ಡಿಕೆಯು-2 ಎಂಬುದು ನೋಡಲು ಹಾಗೇ ಇರುತ್ತದೆ, ಬಾಯಿಯೂ ಅದೇ. ಆದರೆ ಅದರಲ್ಲಿ ಚಿಪ್ ಇಲ್ಲ, ಬರೀ ತಂತಿ. ತನ್ನೊಳಗೇ ಯುಎಸ್‌ಬಿ ಇರುವ 6230ರಂಥ ಫೋನುಗಳಿಗೆ ಮಾತ್ರ ಅದು ಆಗುತ್ತದೆ. ಅಂಗಡಿಯ ಪೆಟ್ಟಿಗೆಯಲ್ಲಿ ಎರಡೂ ಸುತ್ತಿಕೊಂಡು ಬಿದ್ದಿದ್ದವು. ಸಿಎ-42 ಎಂದು ಬರೆದದ್ದನ್ನು ಆರಿಸಿಕೊಂಡೆ. ಅಸಲಿ ಅಲ್ಲ, ನಕಲಿ. ನಕಲಿಯ ಒಳಗೆ ಯಾವ ಚಿಪ್ ಇದೆ ಎಂದು ಚುಚ್ಚಿ ನೋಡಿದಾಗಲೇ ತಿಳಿಯುವುದು: ಪ್ರೊಲಿಫಿಕ್ ಪಿಎಲ್2303 ಇರಬಹುದು, ಆರ್ಕ್‌ಮೈಕ್ರೋ ಇರಬಹುದು, ಸಿಎಚ್340 ಇರಬಹುದು. ನನ್ನ ಲ್ಯಾಪ್‌ಟಾಪಿನ ಲಿನಕ್ಸಿಗೆ ಮೂರೂ ಪರಿಚಯ. ಚಾಲಕ ತಂತ್ರಾಂಶ ಕರ್ನಲ್ಲಿನ ಒಳಗೇ ಇದೆ. ಸಿಡಿ ಹುಡುಕಬೇಕಿಲ್ಲ, ಯಾವುದನ್ನೂ ಇಳಿಸಿಕೊಳ್ಳಬೇಕಿಲ್ಲ. ವಿಂಡೋಸಿನಲ್ಲಿ ಪಿಎಲ್2303ರ ಹಳೆಯ ಚಿಪ್ಪುಗಳನ್ನು ಹೊಸ ಚಾಲಕ ಒಪ್ಪುವುದೇ ಇಲ್ಲ. ಇಪ್ಪತ್ತು ವರ್ಷ ಹಳೆಯ ವಸ್ತು ಇಟ್ಟುಕೊಂಡವರಿಗೆ ಲಿನಕ್ಸಿನಷ್ಟು ಮರ್ಯಾದೆ ಕೊಡುವ ವ್ಯವಸ್ಥೆ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಈ ಕೇಬಲ್ ಫೋನನ್ನು ಚಾರ್ಜ್ ಮಾಡುವುದಿಲ್ಲ. ದಪ್ಪ ಪಿನ್ನಿನ ಚಾರ್ಜರ್ ಬೇರೆ ಬೇಕು. ಅದು ಅಮ್ಮನ ಡ್ರಾಯರಿನಲ್ಲಿ ಸಿಕ್ಕಿತು.

ಜೂನ್ 5, ಬುಧವಾರ

ಸಂಜೆ ಕೆಲಸದಿಂದ ಬಂದ ಮೇಲೆ ಮೊದಲು ಪಾಪ್-ಪೋರ್ಟನ್ನು ಸ್ವಚ್ಛ ಮಾಡಿದೆ. ಟಾರ್ಚ್ ಹಿಡಿದು ನೋಡಿದರೆ ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಸಾಲು. ಅರ್ಧ ಹಲ್ಲುಗಳ ಮೇಲೆ ಕಂದು ಬಣ್ಣದ ಪುಡಿ, ಸಂದಿಯಲ್ಲಿ ಅಡಿಕೆ ಸಿಪ್ಪೆಯ ನಾರು. ನಾರನ್ನು ಟ್ವೀಜರಿನಿಂದ ಎಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಐಸೊಪ್ರೊಪೈಲ್ ಸ್ಪಿರಿಟ್ ತಾಗಿಸಿ ಉಜ್ಜಿದೆ. ಬಲತುದಿಯ ಒಂದು ಹಲ್ಲಿಗೆ ಹಸಿರು ಹಿಡಿದಿತ್ತು. ಅದನ್ನು ಪೆನ್ಸಿಲ್ ಅಳಿಸುವ ರಬ್ಬರಿನ ಚೂಪು ಮೂಲೆಯಿಂದ ಉಜ್ಜಿದ ಮೇಲೆ ಹೊಳಪು ಬಂತು.

ಫೋನ್ ಹೊತ್ತಿಕೊಂಡಿತು. ಸಿಮ್ ಹಾಕಿ ಎಂದು ಕೇಳಿತು, ರದ್ದಾದ ಹಳೆಯ ಸಿಮ್ ಒಂದನ್ನು ಹಾಕಿದೆ. ಪರದೆ ಚೆನ್ನಾಗಿದೆ, ಗುಂಡಿಗಳೇ ಕೆಲಸ ಮಾಡುವುದಿಲ್ಲ. ನಡುವಿನ ಗುಂಡಿ ಒತ್ತಿದರೆ ಒಳಗೆ ಏನೂ ಮಿಸುಕುವುದಿಲ್ಲ. ಕ್ಯಾಲೆಂಡರಿನ ಹೊಸಿಲವರೆಗೂ ಕೈಯಲ್ಲಿ ಹೋಗಲಾಗದು.

ಕೇಬಲ್ ಚುಚ್ಚಿ ಕರ್ನಲ್ಲಿನ ದಾಖಲೆ ತೆರೆದೆ. ಚಿಪ್ ಸಿಎಚ್340, ಗುರುತಿನ ಸಂಖ್ಯೆ 1ಎ86:7523. ಕರ್ನಲ್ ಅದನ್ನು ಗುರುತಿಸಿ ಟಿಟಿವೈ-ಯುಎಸ್‌ಬಿ-0 ಎಂಬ ಹೆಸರು ಕೊಟ್ಟಿತು. ಮರುಕ್ಷಣದಲ್ಲೇ ಆ ಹೆಸರು ಮಾಯ. ಕೆಳಗಿನ ಸಾಲು ಕಾರಣವನ್ನೂ ಹೇಳುತ್ತಿತ್ತು: ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶ ಬಂದು ಆ ಸಾಧನವನ್ನು ತನ್ನದೆಂದು ಹಿಡಿದುಕೊಂಡಿದೆ.

ನನ್ನ ಹಾಗೆ ಉಬುಂಟು 22.04 ಬಳಸುವ ಎಷ್ಟೋ ಜನ ಇದರಿಂದ ಕಂಗೆಟ್ಟಿದ್ದಾರೆ. ಆರ್ಡುಯಿನೊ ಕಲಿಯುವ ಮಕ್ಕಳ ಬೋರ್ಡುಗಳಲ್ಲೂ ಇದೇ ಚಿಪ್ ಇರುವುದರಿಂದ ನಾನು ಕೆಲಸ ಮಾಡುವ ಕಡೆಯ ಲ್ಯಾಬಿನಲ್ಲೂ ಈ ತೊಂದರೆ ಬಂದಿತ್ತು. ಎಲ್ಲರೂ ಹೇಳುವ ಮದ್ದು ಒಂದೇ, ಬಿಆರ್‌ಎಲ್‌ಟಿಟಿವೈಯನ್ನೇ ಕಿತ್ತುಹಾಕಿ ಎಂದು. ನನಗೆ ಆ ಮಾತು ಹಿಡಿಸುವುದಿಲ್ಲ. ಅಂಧರು ಬೆರಳಿನಿಂದ ಓದುವ ಬ್ರೈಲ್ ಪಟ್ಟಿಯನ್ನು ಲಿನಕ್ಸಿಗೆ ಜೋಡಿಸುವ ತಂತ್ರಾಂಶ ಅದು. ಅಂಥ ಒಂದು ಪಟ್ಟಿಯೊಳಗೂ ಇದೇ ಚಿಪ್, ಇದೇ ಸಂಖ್ಯೆ ಇರುವುದರಿಂದ ಅದು ಕೈಚಾಚುತ್ತದೆ. ಕಣ್ಣು ಕಾಣದವರು ಕಂಪ್ಯೂಟರ್ ತೆರೆದ ಕೂಡಲೇ, ಯಾರ ಸಹಾಯವನ್ನೂ ಕೇಳದೆ ಓದಲು ಶುರು ಮಾಡಲಿ ಎಂದು ಮಾಡಿದ ಏರ್ಪಾಟನ್ನು ಕಸವೆಂದು ಕರೆಯುವುದು ಸರಿಯಲ್ಲ. ಸಾಧನಗಳ ನಿಯಮದ ಕಡತವನ್ನು ಇಟಿಸಿ ಕೆಳಗಿನ ನಿಯಮಗಳ ಕೋಶಕ್ಕೆ ನಕಲು ಮಾಡಿ, ಈ ಒಂದು ಸಂಖ್ಯೆಯ ಸಾಲನ್ನಷ್ಟೇ ತಡೆದೆ. ಉಳಿದ ಬ್ರೈಲ್ ಯಂತ್ರಗಳಿಗೆ ಬಾಗಿಲು ತೆರೆದೇ ಇದೆ.

ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಈ ಸಲ ಹೆಸರು ನಿಂತಿತು. ಸೀರಿಯಲ್ ದ್ವಾರ ಮುಟ್ಟಲು ಡಯಲ್‌ಔಟ್ ಎಂಬ ಗುಂಪಿನ ಸದಸ್ಯತ್ವ ಬೇಕು. ನನ್ನ ಖಾತೆಯನ್ನು ಅದಕ್ಕೆ ಸೇರಿಸಿ, ಲಾಗ್ಔಟ್ ಆಗಿ ಒಳಗೆ ಬಂದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮಳೆ ಬರುವ ಗಾಳಿ.

ಜೂನ್ 6, ಗುರುವಾರ

ಗಮ್ಮು ಹಾಕಿಕೊಂಡೆ. ಉಬುಂಟುವಿನ ಭಂಡಾರದಲ್ಲೇ ಇದೆ. ಹಳೆಯ ಫೋನುಗಳ ಜೊತೆ ಮಾತಾಡುವ ತಂತ್ರಾಂಶ ಇದು.

ಇದರ ವಂಶ ಬರೆದಿಡಬೇಕು. ನೋಕಿಯಾ ತನ್ನ ಫೋನುಗಳ ಒಳಮಾತನ್ನು, ಎಫ್-ಬಸ್ ಎಂಬುದನ್ನು, ಹೊರಗಿನವರಿಗೆ ಕೊಟ್ಟಿರಲಿಲ್ಲ. ವಿಂಡೋಸಿಗೆ ಅವರದೇ ತಂತ್ರಾಂಶ ಇತ್ತು, ಲಿನಕ್ಸಿಗೆ ಏನೂ ಇರಲಿಲ್ಲ. ಆಸ್ಟ್ರೇಲಿಯಾದ ಹ್ಯೂ ಬ್ಲೆಮಿಂಗ್ಸ್ ಮತ್ತು ಜೆಕ್ ದೇಶದ ಪಾವೆಲ್ ಯಾನಿಕ್ ಸೇರಿ 1990ರ ದಶಕದ ಕೊನೆಯಲ್ಲಿ ಗ್ನೋಕಿ ಎಂಬ ಮುಕ್ತ ತಂತ್ರಾಂಶ ಶುರು ಮಾಡಿದರು. ತಂತಿಯಲ್ಲಿ ಹರಿಯುವ ಬೈಟುಗಳನ್ನು ನೋಡಿ ನೋಡಿ ಅರ್ಥ ಕಂಡುಹಿಡಿಯುವ ಕೆಲಸ ಅದು. ಅದರಿಂದ ಪೋಲೆಂಡಿನ ಮಾರ್ಚಿನ್ ವ್ಯೋಂತ್ಸೆಕ್ ಕವಲೊಡೆಸಿದ್ದು ಗಮ್ಮು. ಆಮೇಲೆ ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಜೆಕ್‌ನ ಮಿಖಲ್ ಚಿಹರ್. ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಗೆಳೆಯರು ದಿನವೂ ಕೂರುವ ವೆಬ್‌ಲೇಟ್ ಕೂಡ ಇದೇ ಮನುಷ್ಯ ಕಟ್ಟಿದ್ದು. ಸಾಗರ ತಾಲೂಕಿನ ಒಂದು ತೋಟದ ಮಳೆ ಲೆಕ್ಕಕ್ಕೆ ಇವರೆಲ್ಲ ದುಡಿದಿದ್ದಾರೆ, ಅವರಿಗೆ ಗೊತ್ತಿಲ್ಲದೆ. ಕೃತಜ್ಞತೆ ಎಂಬ ಮಾತು ಸಾಲದು ಅನಿಸುತ್ತದೆ.

ಎಫ್-ಬಸ್ಸಿನ ಮಾತು ನನಗೆ ಬಹಳ ಇಷ್ಟವಾಯಿತು, ಇವತ್ತು ಅದನ್ನು ಬೈಟು ಬೈಟಾಗಿ ಪರದೆಯ ಮೇಲೆ ಹರಿಸಿಕೊಂಡು ನೋಡಿದೆ. ಮೊದಲು ಕಂಪ್ಯೂಟರ್ 55 ಎಂಬ ಬೈಟನ್ನು ಸಾಲಾಗಿ ಕಳಿಸುತ್ತದೆ. ಎರಡರ ಪದ್ಧತಿಯಲ್ಲಿ ಅದು ಸೊನ್ನೆ-ಒಂದು-ಸೊನ್ನೆ-ಒಂದು ಎಂದು ತಾಳ ಹಾಕಿದಂತೆ; ಫೋನ್ ಆ ಲಯಕ್ಕೆ ಕಿವಿ ಹೊಂದಿಸಿಕೊಳ್ಳುತ್ತದೆ. ಆಮೇಲೆ ಪ್ರತಿಯೊಂದು ಮಾತೂ 1ಇ ಎಂದು ಶುರುವಾಗುತ್ತದೆ. ಇದು ತಂತಿಯ ಮೂಲಕ ಬಂದದ್ದು ಎಂದು ಅರ್ಥ. ಮುಂದೆ ಯಾರಿಗೆ, ಯಾರಿಂದ, ಯಾವ ಬಗೆಯ ಮಾತು, ಎಷ್ಟು ಉದ್ದ, ಆಮೇಲೆ ಮಾತು. ಕೊನೆಯಲ್ಲಿ ಎರಡು ತಾಳೆ ಬೈಟುಗಳು. ಬೆಸ ಸ್ಥಾನದ ಬೈಟುಗಳಿಗೊಂದು, ಸಮ ಸ್ಥಾನದವಕ್ಕೊಂದು. ಒಂದು ಬಿಟ್ ಕೆಟ್ಟರೂ ಆ ಎರಡರಲ್ಲಿ ಒಂದು ಹೊಂದುವುದಿಲ್ಲ. ಕೇಳಿದ ಪ್ರತಿ ಮಾತಿಗೂ ಎದುರಿನವರು 7ಎಫ್ ಎಂದು ಹೂಂಗುಟ್ಟಲೇಬೇಕು. ಹೂಂಗುಟ್ಟದಿದ್ದರೆ ಹೇಳಿದವರು ಮತ್ತೆ ಹೇಳುತ್ತಾರೆ.

ಸಂರಚನೆಯ ಕಡತದಲ್ಲಿ ಎರಡೇ ಸಾಲು ಮುಖ್ಯ: ಯಾವ ದ್ವಾರ, ಯಾವ ಬಗೆಯ ಸಂಪರ್ಕ. ಎಟಿ ಎಂಬ ಮೋಡೆಮ್ಮಿನ ಮಾತು ಕೊಟ್ಟು ನೋಡಿದರೆ ಫೋನ್ ಮೌನ. ನೋಕಿಯಾದ ಹಳೆಯ ಡಿಎಲ್‌ಆರ್-3 ಕೇಬಲ್ಲಿನ ಹೆಸರಿನ ಎಫ್-ಬಸ್ ಸಂಪರ್ಕ ಕೊಟ್ಟೆ. ಕೇಬಲ್ಲಿನ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಇರಬೇಕಾಯಿತು, ಕೊಕ್ಕೆ ಸಡಿಲವಾಗಿದೆ. ಪರದೆಯ ಮೇಲೆ ತಯಾರಕ ನೋಕಿಯಾ, ಮಾದರಿ 3100, ಆರ್‌ಎಚ್-19 ಎಂದು ಮೂಡಿತು. ಅಮ್ಮನನ್ನು ಕೂಗಿ ಕರೆದೆ.

ಜೂನ್ 8, ಶನಿವಾರ

ಕೊಕ್ಕೆಗೆ ರಬ್ಬರ್ ಬ್ಯಾಂಡ್ ಸುತ್ತಿ ಬಿಗಿ ಮಾಡಿ, ಪೂರ್ತಿ ಬ್ಯಾಕಪ್ ತೆಗೆದೆ. ಗಮ್ಮು ಒಂದೊಂದನ್ನೂ ಕೇಳಿ ಮುಂದುವರಿಯುತ್ತದೆ: ಸಂಪರ್ಕಗಳು ಬೇಕೇ, ಕ್ಯಾಲೆಂಡರ್ ಬೇಕೇ, ಮಾಡಬೇಕಾದ ಕೆಲಸಗಳ ಪಟ್ಟಿ ಬೇಕೇ. ಕ್ಯಾಲೆಂಡರ್ ಓದುವಾಗ ಶೇಕಡಾ ಅಂಕಿ ಮೆಲ್ಲಗೆ ಏರುತ್ತಾ ಹೋಯಿತು. ದೊಡ್ಡಪ್ಪ ತಾನಾಗಿ ಅಳಿಸುವ ಸೌಕರ್ಯವನ್ನು ಆಫ್ ಮಾಡಿಟ್ಟಿದ್ದರಿಂದಲೇ ಇವು ಉಳಿದಿರುವುದು. ಆ ಫೋನುಗಳಲ್ಲಿ ಒಂದು ದಿನವೋ ಒಂದು ವಾರವೋ ಕಳೆದ ಟಿಪ್ಪಣಿಯನ್ನು ತಾನೇ ಅಳಿಸುವಂತೆಯೂ ಇಡಬಹುದಿತ್ತು.

ಕ್ಯಾಲೆಂಡರನ್ನು ವಿ-ಕ್ಯಾಲೆಂಡರ್ ಎಂಬ ರೂಪದಲ್ಲೂ ಉಳಿಸಿಕೊಂಡೆ; ಆ ಕಡತವನ್ನು ಸಾದಾ ಬರಹದ ಸಂಪಾದಕದಲ್ಲಿ ತೆರೆದರೆ ಸಾಕು, ಎಲ್ಲ ಓದಲು ಬರುತ್ತದೆ. ತಾರೀಖು, ಅದರ ಕೆಳಗೆ ಟಿಪ್ಪಣಿ. ಟಿಪ್ಪಣಿ ಎಂದರೆ ಬರೀ ಅಂಕಿ. ಫೋನಿನಲ್ಲಿ ಕನ್ನಡ ಇರಲಿಲ್ಲ, ದೊಡ್ಡಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರೂ ಅಲ್ಲ. ಹಾಗಾಗಿ 14, 62, 38 ಎಂದು ಅಂಕಿ ಮಾತ್ರ. ಅಲ್ಲಲ್ಲಿ ಅಂಕಿಯ ಮುಂದೆ ಇಂಗ್ಲಿಷಿನ ಎಂ, ಕೆಲವು ಕಡೆ ಕೆ. ಎರಡು ದಿನ ಮಾತ್ರ ಎರಡೂ ಒಟ್ಟಿಗೆ.

ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಎಂತ ಆಯ್ತು ಪುಟ್ಟಿ? ಸಿಕ್ತಾ?"

ಸಿಕ್ಕಿತು ಎಂದೆ, ಎರಡೂ ವರ್ಷ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಂಬತ್ತನೇ ಇಸವಿ ಜೂನ್ ಓದು" ಅಂದರು. ಓದಿದೆ. ಎರಡಂಕಿಯ ದಿನಗಳೇ ಕಡಿಮೆ. ಸೊನ್ನೆ, ಸೊನ್ನೆ, 4, ಸೊನ್ನೆ, 2. ಮಳೆ ಬಾರದ ದಿನವೂ ಸೊನ್ನೆ ಹಾಕಿದ್ದಾರೆ. ಇದೇ ಅವರ ಲೆಕ್ಕದ ದೊಡ್ಡ ಗುಣ: ಖಾಲಿ ಬಿಟ್ಟರೆ ಮಳೆ ಇಲ್ಲವೋ ಅಳೆದಿಲ್ಲವೋ ತಿಳಿಯುವುದಿಲ್ಲ, ಸೊನ್ನೆ ಬರೆದರೆ ತಿಳಿಯುತ್ತದೆ.

"ಮೃಗಶಿರ ಪೂರಾ ಒಣಗಿತ್ತು ಆ ವರ್ಷ. ಆರಿದ್ರಾ ಮುಗಿಯೋ ಹೊತ್ತಿಗೆ ಹಿಡೀತು ನೋಡು, ಬಿಡಲೇ ಇಲ್ಲ."

ಅಂಕಿಗಳೂ ಅದನ್ನೇ ಹೇಳುತ್ತಿದ್ದವು. ಸೆಪ್ಟೆಂಬರ್ ಕೊನೆಯ ದಿನಗಳಿಗೂ ಅಕ್ಟೋಬರ್ ಮೊದಲ ದಿನಗಳಿಗೂ ಅಂಕಿ ಇದೆ. ಉತ್ತರ ಕರ್ನಾಟಕದ ಊರುಗಳು ನೀರಿನಲ್ಲಿ ಮುಳುಗಿದ ದಿನಗಳು ಅವು.

ಅಕ್ಷರಗಳ ಅರ್ಥವನ್ನೂ ಅವರೇ ಹೇಳಿದರು. ಎಂ ಎಂದರೆ ಮದ್ದು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ದಿನ. ಕೆ ಎಂದರೆ ಕೊಳೆ ರೋಗ ಕಂಡ ದಿನ. ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಪುಸ್ತಕಗಳಲ್ಲಿ ಮಳೆ ಮಾತ್ರ ಇದೆ, ಮದ್ದಿನ ಲೆಕ್ಕ ಬೇರೆ ಚೀಟಿಗಳಲ್ಲಿ ಇತ್ತಂತೆ, ಅವು ಗೆದ್ದಲಿಗೆ ಹೋದವು. ಮಳೆಗೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಮದ್ದು ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. 2009ರಲ್ಲಿ ಎರಡನೇ ಮದ್ದಿಗೆ ಹೊಳವು ಸಿಕ್ಕಿಲ್ಲ. ದಿನವೂ ದೊಡ್ಡ ಅಂಕಿ, ಕೊನೆಗೌಡ ಮರ ಹತ್ತುವ ಹಾಗಿಲ್ಲ. ಆಮೇಲೆ ಕೆ ಬರುತ್ತದೆ. ಯಾವ ದಿನ ಮದ್ದು, ಅದಾದ ಮೇಲೆ ಎಷ್ಟು ಮಳೆ, ಎಷ್ಟನೇ ದಿನಕ್ಕೆ ಕೊಳೆ ಎಂಬುದು ಒಂದೇ ಕಡೆ ಇರುವುದು ಈ ಎರಡು ವರ್ಷಕ್ಕೆ ಮಾತ್ರ, ಈ ಫೋನಿನಲ್ಲಿ ಮಾತ್ರ. ಹೆಚ್ಚಿನ ಬೆಲೆಯದು ಇಲ್ಲೇ ಇತ್ತು.

ಜೂನ್ 9, ಭಾನುವಾರ

ಎದುರುಮನೆಯವರು ಸುದ್ದಿ ತಿಳಿದು ತಮ್ಮ ಮಗಳ ಆಂಡ್ರಾಯ್ಡ್ ಫೋನ್ ತಂದರು. ಪರದೆ ಒಡೆದು ಕಪ್ಪಾಗಿದೆ, ಒಳಗೆ ಮದುವೆಯ ಫೋಟೋ ಇವೆ. ಕೇಬಲ್ ಹಾಕಿದೆ, ಲಿನಕ್ಸ್ ಫೋನನ್ನು ಗುರುತಿಸಿತು, ಕೋಶ ಮಾತ್ರ ಖಾಲಿ. ಬೀಗ ತೆಗೆದು, ಫೈಲ್ ವರ್ಗಾವಣೆಗೆ ಒಪ್ಪಿಗೆ ಕೊಡದೆ ಅದು ಏನನ್ನೂ ತೋರಿಸುವುದಿಲ್ಲ, ಒಪ್ಪಿಗೆ ಒತ್ತಲು ಪರದೆಯೇ ಇಲ್ಲ. ಪರದೆ ಬದಲಿಸಿಕೊಂಡು ಬನ್ನಿ ಎಂದು ಹೇಳಿ ಕಳಿಸಿದೆ.

3100 ನನ್ನನ್ನು ಯಾರೆಂದು ಕೇಳಲಿಲ್ಲ. ತಂತಿ ಸಿಕ್ಕಿಸಿದ ಯಾರಿಗೇ ಆದರೂ ಹೆಸರು, ನಂಬರು, ಟಿಪ್ಪಣಿ ಎಲ್ಲ ಕೊಟ್ಟುಬಿಡುತ್ತದೆ. ನಮಗೆ ಅದು ವರವಾಯಿತು. ಆದರೆ ಆ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಮಾರಿದ ಎಷ್ಟು ಫೋನುಗಳಲ್ಲಿ ಎಷ್ಟು ಮನೆಗಳ ಮಾತು ಹಾಗೇ ಉಳಿದುಕೊಂಡು ಕೈ ಬದಲಾಯಿಸಿರಬಹುದು! ಹೊಸ ಫೋನಿನ ಬೀಗ ಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಬೀಗ ಇರುವ ಫೋನಿನಿಂದ ಪ್ರತಿ ತೆಗೆದಿಡುವುದನ್ನು ಅದು ಸರಿ ಇರುವಾಗಲೇ ಮಾಡಬೇಕು, ಅಷ್ಟೆ.

ಜೂನ್ 16, ಭಾನುವಾರ
ಸಾಗರದ ಹತ್ತಿರ, ದೊಡ್ಡಪ್ಪನ ಮನೆ

ಅಚ್ಚು ಹಾಕಿದ ಹಾಳೆಗಳನ್ನು ತಂದುಕೊಟ್ಟೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಬೆರಳಿಟ್ಟು ಒಂದೊಂದೇ ದಿನ ನೋಡಿದರು. 2010ರ ಜುಲೈ ಒಂದು ಕಡೆ ಬೆರಳು ನಿಂತಿತು. ಆ ದಿನದ ಅಂಕಿ ಜಾಸ್ತಿಯಾಯಿತು, ಹಿಂದಿನ ದಿನ ಅಳೆಯದೆ ಎರಡು ದಿನದ್ದು ಸೇರಿದೆ ಎಂದರು. ಹಿಂದಿನ ದಿನಕ್ಕೆ ಟಿಪ್ಪಣಿಯೇ ಇಲ್ಲ, ಸೊನ್ನೆಯೂ ಇಲ್ಲ; ಅವರ ನೆನಪಿಗೆ ಕಡತ ಹೊಂದುತ್ತದೆ. ತಿಂಗಳ ಮೊತ್ತಕ್ಕೆ ಅದರಿಂದ ತೊಂದರೆಯಿಲ್ಲ. ದಿನದ ಪಟ್ಟಿಯಲ್ಲಿ ಆ ಎರಡು ಮನೆಗಳಿಗೆ ಗುರುತು ಹಾಕಿದೆ.

1991ರಿಂದ 2020ರವರೆಗಿನ ಪಟ್ಟಿ ಪೂರ್ತಿಯಾಯಿತು. ಕಡತದ ಒಂದು ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಕಾಗದದ ಪ್ರತಿ ದೊಡ್ಡಪ್ಪನ ಪುಸ್ತಕಗಳ ಜೊತೆ. ಫೋನಿನ ಬ್ಯಾಟರಿ ತೆಗೆದು ಬೇರೆ ಇಟ್ಟೆವು. ಈ ವರ್ಷದಿಂದ ಪುಸ್ತಕದಲ್ಲೂ ಎಂ ಮತ್ತು ಕೆ ಬರೆಯುತ್ತೇನೆ ಎಂದರು ದೊಡ್ಡಪ್ಪ, ಬರೆಯಲು ಶುರುವೂ ಮಾಡಿದ್ದಾರೆ. ಕನ್ನಡದಲ್ಲಿ, ಮ ಮತ್ತು ಕೊ ಎಂದು.

ಮಧ್ಯಾಹ್ನ ಊಟಕ್ಕೆ ಬಂದಿದ್ದ ಕೆಳಗಿನ ತೋಟದವರ ಹತ್ತಿರ ಒಂದು ನೋಕಿಯಾ 6610 ಇದೆ. ಅದರಲ್ಲಿ ಐದಾರು ವರ್ಷದ ಅಡಿಕೆ ಮಂಡಿಯ ದರ ಬರೆದಿಟ್ಟಿದ್ದಾರಂತೆ. ಪಾಪ್-ಪೋರ್ಟ್ ಅದೇ, ಕೇಬಲ್ ಇದೇ ಆಗುತ್ತದೆ. ಬ್ಯಾಟರಿ ಮಾತ್ರ ಬೇರೆ, ಬಿಎಲ್‌ಡಿ-3; ಅದು ಎಫ್‌ಎಂ ಡಬ್ಬಕ್ಕೆ ಹಾಕುವಂಥದ್ದಲ್ಲ, ಹುಡುಕಬೇಕು.